ಒಂದೇ ಮನೆತನ ನಡೆಸಿದ ಹಳ್ಳಿ ಪಬ್: ಲೆಂಟ್‌ವರ್ಡೈನ್‌ನ ಸನ್ ಇನ್ ಮತ್ತು ಲೇನ್ ಕುಟುಂಬ

ಹೊಳೆದಂಡೆ:

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಲೆಂಟ್‌ವರ್ಡೈನ್ ಅಂತ ಒಂದು ಹಳ್ಳಿ. ಟೀಮ್ ಮತ್ತು ಕ್ಲನ್ ಅನ್ನುವ ಎರಡು ಹೊಳೆ ಸೇರುವ ಜಾಗ. ರೋಮನ್ನರ ಕಾಲದಿಂದ ಜನ ಇದ್ದ ಊರು. ಅಲ್ಲಿ ಒಂದು ಪಕ್ಕದ ಬೀದಿಯಲ್ಲಿ ಸನ್ ಇನ್ ಅಂತ ಪಬ್ ಇದೆ. ಫ್ಲಾರೆನ್ಸ್ ಎಮಿಲಿ ಲೇನ್, ಎಲ್ಲರ ಬಾಯಲ್ಲಿ ಫ್ಲಾಸಿ, 1914ರಲ್ಲಿ ಅದೇ ಮನೆಯಲ್ಲಿ ಹುಟ್ಟಿದರು. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಅವರ ಅಪ್ಪ ಅಮ್ಮ ಈ ಪಬ್ ಹಿಡಿದಿದ್ದರು. 1930ರ ದಶಕದ ನಡುವಿಗೆ ಫ್ಲಾಸಿ ಮತ್ತು ಒಡಹುಟ್ಟಿದ ಚಾರ್ಲಿ ಇಬ್ಬರೂ ಸೇರಿ ವಹಿಸಿಕೊಂಡರು. ಚಾರ್ಲಿ ಹೋದ ಮೇಲೂ ಅಜ್ಜಿ ಬಿಡಲಿಲ್ಲ. 2009ರ ಜೂನ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಬಹುಶಃ ಇಡೀ ಬ್ರಿಟನ್ನಿನಲ್ಲೇ ಅತಿ ಹಿರಿಯ ಪಬ್ ಒಡತಿ ಅಂತ ಪತ್ರಿಕೆಗಳು ಬರೆದವು.

ಪಬ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವ ಯಾವುದೂ ಅಲ್ಲಿ ಇರಲಿಲ್ಲ. ಕೌಂಟರ್ ಇಲ್ಲ. ಬಾಟಲಿ ಜೋಡಿಸಿದ ಕಪಾಟು ಇಲ್ಲ. 18ನೇ ಶತಮಾನದ ಕಲ್ಲಿನ ಮನೆ, ಮುಂದಿನ ಕೋಣೆಯಲ್ಲಿ ಗಟ್ಟಿ ಮರದ ಬೆಂಚು, ಕೆಳಗೆ ಹಂಚಿನ ನೆಲ. ಬಿಯರ್ ಪೀಪಾಯಿಗಳು ಅಜ್ಜಿಯ ಅಡುಗೆಮನೆಯ ನೆಲದ ಮೇಲೆ. ಇಂಗ್ಲಿಷರು ಇಂಥದ್ದಕ್ಕೆ ಪಾರ್ಲರ್ ಪಬ್ ಅಂತಾರೆ. ನಮ್ಮ ಲೆಕ್ಕದಲ್ಲಿ ನಡುಮನೆ. ಒಬ್ಬರ ನಡುಮನೆಗೆ ಊರವರು ಬಂದು ಕೂತು, ಕುಡಿದು, ಹರಟಿ ಎದ್ದು ಹೋಗುವುದು. ಅಷ್ಟೇ ವ್ಯವಹಾರ.

ಈ ಪಬ್ ಬಗ್ಗೆ ಯಾರೇ ಬರೆದರೂ ‘ಕಾಲ ನಿಂತುಹೋದ ಜಾಗ’ ಅಂತ ಬರೆಯುತ್ತಾರೆ. ಈ ಮಾತು ನನಗೆ ಸರಿ ಕಾಣುವುದಿಲ್ಲ. ಕಾಲ ತಾನಾಗಿ ನಿಲ್ಲಲಿಲ್ಲ. 70 ವರ್ಷಕ್ಕೂ ಜಾಸ್ತಿ ಒಬ್ಬ ಹೆಂಗಸು ದಿನಾ ಬಾಗಿಲು ತೆಗೆದು, ಒಲೆ ಹಚ್ಚಿ, ಪೀಪಾಯಿ ನೋಡಿಕೊಂಡು, ಲೋಟ ತೊಳೆದು ಅದನ್ನು ಹಾಗೇ ಉಳಿಸಿದರು. ಇನ್ನೊಂದು ಕಾರಣವೂ ಇದೆ. ಮನೆ ಅವರದ್ದೇ. ಇಲ್ಲಿ ಜೂಕ್‌ಬಾಕ್ಸ್ ಇಡು, ಗೋಡೆ ಒಡೆದು ದೊಡ್ಡದು ಮಾಡು, ಊಟ ಶುರು ಮಾಡು ಅಂತ ಮೇಲಿಂದ ಹೇಳುವವರು ಯಾರೂ ಇರಲಿಲ್ಲ. ಹಳ್ಳಿ ಪಬ್ ಉಳಿಯುವುದು ಅಳಿಯುವುದು ಬಹುಪಾಲು ಇದರ ಮೇಲೇ ನಿಂತಿದೆ ಅಂತ ನನ್ನ ಅಭಿಪ್ರಾಯ. ನಿಮಗೆ ಇಂಥ ಮನೆತನದ ಪಬ್ ಬೇರೆ ಯಾವುದಾದರೂ ಗೊತ್ತಿದ್ದರೆ ಬರೆಯಿರಿ.

ಊರುಸುತ್ತಿ:

ತುಂಬಾ ಒಳ್ಳೆ ವಿಷಯ ಎತ್ತಿದ್ದೀರಿ ಸರ್. ಒಂದು ಸಣ್ಣ ಪ್ರಶ್ನೆ. ಕೌಂಟರ್ ಇಲ್ಲ ಅಂದರೆ ಬಿಯರ್ ಕೇಳುವುದು ಯಾರ ಹತ್ತಿರ, ದುಡ್ಡು ಕೊಡುವುದು ಎಲ್ಲಿ? ವಯಸ್ಸಾದ ಮೇಲೆ ಅವರೊಬ್ಬರೇ ಹೇಗೆ ನಿಭಾಯಿಸಿದರು? ವಿಸ್ಕಿ, ಜಿನ್ ಇರಲಿಲ್ಲವಾ?

ಹೊಳೆದಂಡೆ:

ಊರುಸುತ್ತಿ ಅವರೇ, ಅಡುಗೆಮನೆಗೆ ಹೋಗಿ ತುಂಬಿಸಿಕೊಂಡು ಬರುವುದು. ಕೊನೆಕೊನೆಗೆ ಅಜ್ಜಿಗೆ ಏಳಲು ಕಷ್ಟವಾದಾಗ ಖಾಯಂ ಗಿರಾಕಿಗಳೇ ಬಿಯರ್ ಬಗ್ಗಿಸುವುದು, ಲೋಟ ತೊಳೆಯುವುದು ಎಲ್ಲಾ ಮಾಡುತ್ತಿದ್ದರು. ಅಜ್ಜಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ದುಡ್ಡು ಅವರ ಕೈಗೆ. ಮೊದಲು ಆನ್ಸೆಲ್ಸ್ ಬಿಯರ್ ಬರುತ್ತಿತ್ತು, ಆಮೇಲೆ ಹತ್ತಿರದ ಶ್ರಾಪ್‌ಶೈರ್‌ನ ಹಾಬ್ಸನ್ಸ್.

ವಿಸ್ಕಿ, ಜಿನ್ ಇರಲಿಲ್ಲ. ಸ್ಪಿರಿಟ್ ಮಾರುವ ಲೈಸೆನ್ಸೇ ಆ ಮನೆಗೆ ಇರಲಿಲ್ಲ. ಕೊನೆಗಾಲದಲ್ಲಿ ಯಾರೋ ಒತ್ತಾಯ ಮಾಡಿದ್ದಕ್ಕೆ ವೈನ್ ಇಟ್ಟರು. ಈ ಬರೀ ಬಿಯರ್‌ನ ಲೈಸೆನ್ಸ್ ಹಿಂದೆ ದೊಡ್ಡ ಕತೆ ಇದೆ. ಹಳೇಬೇರು ಅವರು ಈ ಕಾನೂನಿನ ಇತಿಹಾಸ ಓದಿಕೊಂಡವರು. ನೋಡಿದರೆ ದಯವಿಟ್ಟು ಬರೆಯಿರಿ.

ಹಳೇಬೇರು:

ಕರೆದಿದ್ದಕ್ಕೆ ಥ್ಯಾಂಕ್ಸ್. ಸ್ವಲ್ಪ ಉದ್ದ ಆಗುತ್ತದೆ, ಓದಿ.

1830ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬಿಯರ್‌ಹೌಸ್ ಕಾಯ್ದೆ ಮಾಡಿತು. ಆಗ ವೆಲಿಂಗ್ಟನ್ ಡ್ಯೂಕ್ ಪ್ರಧಾನಿ. ನಮ್ಮ ಶ್ರೀರಂಗಪಟ್ಟಣದ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ಅಂತ ಕರ್ನಲ್ ಆಗಿದ್ದನಲ್ಲ, ಅವನೇ. ಅದಕ್ಕೂ ಮುಂಚೆ ಪಬ್ ತೆರೆಯಬೇಕು ಅಂದರೆ ಊರಿನ ಮ್ಯಾಜಿಸ್ಟ್ರೇಟ್ ಒಪ್ಪಬೇಕಿತ್ತು. ಮ್ಯಾಜಿಸ್ಟ್ರೇಟರು ದೊಡ್ಡ ಜಮೀನ್ದಾರರು. ಬಿಯರ್ ತಯಾರಿಸುವ ದೊಡ್ಡ ಬ್ರೂವರಿಗಳಿಗೂ ಅವರಿಗೂ ಒಳ್ಳೆ ಒಡನಾಟ. ಹೊಸಬರು ಒಳಗೆ ಬರುವುದು ಕಷ್ಟ. ಹೊಸ ಕಾಯ್ದೆ ಬಂದ ಮೇಲೆ, ಊರಿನ ತೆರಿಗೆ ಕಟ್ಟುವ ಯಾವ ಮನೆಯ ಯಜಮಾನನಾದರೂ ವರ್ಷಕ್ಕೆ 2 ಗಿನಿ (ಎರಡು ಪೌಂಡ್‌ಗಿಂತ ಸ್ವಲ್ಪ ಜಾಸ್ತಿ) ಕಟ್ಟಿ ತನ್ನ ಮನೆಯಲ್ಲೇ ಬಿಯರ್ ಮಾರಬಹುದು ಅಂತಾಯಿತು. ಸ್ಪಿರಿಟ್ ಮಾತ್ರ ಮಾರುವಂತಿಲ್ಲ. ಜನ ಜಿನ್ ಬಿಟ್ಟು ಬಿಯರ್ ಕುಡಿಯಲಿ, ದೊಡ್ಡ ಬ್ರೂವರಿಗಳ ಹಿಡಿತ ಸಡಿಲವಾಗಲಿ ಅಂತ ಸರ್ಕಾರದ ಲೆಕ್ಕಾಚಾರ.

ಜನ ಮುಗಿಬಿದ್ದರು. ಎಂಟು ವರ್ಷದಲ್ಲಿ ಸುಮಾರು 46,000 ಬಿಯರ್‌ಹೌಸ್ ಹುಟ್ಟಿಕೊಂಡವು. ಕಮ್ಮಾರ, ಬಡಗಿ, ಗಾಡಿ ಹೊಡೆಯುವವನು, ಸಣ್ಣ ರೈತ, ಎಲ್ಲರೂ ಮುಂದಿನ ಕೋಣೆ ಖಾಲಿ ಮಾಡಿ ಎರಡು ಬೆಂಚು ಹಾಕಿದರು. ಗಂಡ ಹಗಲು ತನ್ನ ಕಸುಬು ಮಾಡುತ್ತಿದ್ದ. ಹೆಂಡತಿ ಮನೆಗೆಲಸದ ಜೊತೆಗೆ ಬಿಯರ್ ಮಾರುತ್ತಿದ್ದಳು. ಸನ್ ಇನ್ ಥರದ ನಡುಮನೆ ಪಬ್‌ಗಳು ಈ ಬದುಕಿನ ಕೊನೆಯ ಕೊಂಡಿಗಳು.

1869ರಲ್ಲಿ ಸರ್ಕಾರ ಮತ್ತೆ ಲಗಾಮು ಎಳೆಯಿತು. ಹೊಸ ಬಿಯರ್‌ಹೌಸ್‌ಗಳಿಗೂ ಮ್ಯಾಜಿಸ್ಟ್ರೇಟ್ ಒಪ್ಪಿಗೆ ಬೇಕಾಯಿತು. ಲೈಸೆನ್ಸ್ ಸಿಗುವುದು ಕಷ್ಟವಾದ ಕೂಡಲೇ ಇದ್ದ ಲೈಸೆನ್ಸ್‌ಗೆ ಬೆಲೆ ಬಂತು. 19ನೇ ಶತಮಾನದ ಕೊನೆಗೆ ಬ್ರೂವರಿಗಳು ಪಬ್‌ಗಳನ್ನು ಸಾಲುಸಾಲಾಗಿ ಕೊಂಡವು. ಕೊಂಡ ಪಬ್‌ನಲ್ಲಿ ತಮ್ಮ ಬಿಯರನ್ನೇ ಮಾರಬೇಕು ಅನ್ನುವ ಕರಾರು. ಇದಕ್ಕೆ ಟೈಡ್ ಹೌಸ್ ಅಂತ ಹೆಸರು. ಪಬ್ ನಡೆಸುವ ಕುಟುಂಬ ಬಾಡಿಗೆದಾರರಾಯಿತು. 1904ರಲ್ಲಿ ಇನ್ನೊಂದು ಕಾಯ್ದೆ ಬಂತು. ಪಬ್ ಜಾಸ್ತಿ ಆಗಿವೆ, ಪರಿಹಾರ ಕೊಟ್ಟು ಮುಚ್ಚಿಸಿ ಅಂತ. ಎಷ್ಟೋ ಸಣ್ಣ ಬಿಯರ್‌ಹೌಸ್‌ಗಳು ಹೀಗೆ ಹೋದವು.

ಅಂದರೆ ಲೇನ್ ಕುಟುಂಬ ಬರುವ ಹೊತ್ತಿಗೇ ಇಂಥ ಮನೆಗಳು ಕಮ್ಮಿಯಾಗುತ್ತಿದ್ದವು. ಉಳಿದವು ಎಲ್ಲಿ ಅಂತ ನೋಡಿ. ವೇಲ್ಸ್ ಗಡಿ, ಡೆವನ್, ಸಾಮರ್‌ಸೆಟ್, ಪೆಂಬ್ರೋಕ್‌ಶೈರ್. ಜನ ಕಮ್ಮಿ, ವ್ಯಾಪಾರ ಕಮ್ಮಿ. ದೊಡ್ಡ ಕಂಪನಿಗೆ ಅಲ್ಲಿ ಲಾಭ ಕಾಣಿಸುತ್ತಿರಲಿಲ್ಲ, ಹಾಗಾಗಿ ಕಣ್ಣು ಹಾಕಲಿಲ್ಲ.

ಕಾಫಿತೋಟ:

ಹೊಳೆದಂಡೆ ಸರ್ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮನೆ ಸ್ವಂತದ್ದಾದರೆ ಮಾತ್ರ ಉಳಿಯುತ್ತದೆ ಅನ್ನುವ ಹಾಗಿದ್ದರೆ ಡ್ರೂಸ್ಟೈನ್‌ಟನ್ ಪಬ್ ಏನು?

ಡೆವನ್‌ನ ಡಾರ್ಟ್‌ಮೂರ್ ಅಂಚಿನ ಹಳ್ಳಿ ಅದು. ಪಬ್ ಹೆಸರು ಡ್ರೂ ಆರ್ಮ್ಸ್, ಹುಲ್ಲಿನ ಸೂರಿನ ಕಟ್ಟಡ. ಮೇಬಲ್ ಮಡ್ಜ್ ಅನ್ನುವವರು ಗಂಡ ಅರ್ನೆಸ್ಟ್ ಜೊತೆ 1919ರಲ್ಲಿ ಅಲ್ಲಿಗೆ ಬಂದರು. 1951ರಲ್ಲಿ ಗಂಡ ಹೋದರು. ಮೇಬಲ್ ಒಬ್ಬರೇ ಇನ್ನೂ 40 ವರ್ಷಕ್ಕಿಂತ ಜಾಸ್ತಿ ನಡೆಸಿದರು. 1994ರಲ್ಲಿ ಬಿಟ್ಟಾಗ ವಯಸ್ಸು 99! ಒಟ್ಟು 75 ವರ್ಷ. ಅಲ್ಲೂ ಕೌಂಟರ್ ಇರಲಿಲ್ಲ, ಕಿಟಕಿಯಂಥ ಕಂಡಿಯಿಂದ ಬಿಯರ್ ಕೊಡುತ್ತಿದ್ದರು. ಕಟ್ಟಡ ಮಾತ್ರ ಅವರದ್ದಲ್ಲ, ಬ್ರೂವರಿ ಕಂಪನಿಯದ್ದು. ಆದರೂ ಮುಕ್ಕಾಲು ಶತಮಾನ ಏನೂ ಬದಲಾಗಲಿಲ್ಲ ಅಲ್ವಾ?

ಆ ಹೆಸರಿಗೂ ಒಂದು ಹಿನ್ನೆಲೆ ಇದೆ. ಜೂಲಿಯಸ್ ಡ್ರೂ ಅಂತ ದಿನಸಿ ಅಂಗಡಿಗಳ ಸರಪಳಿ ಕಟ್ಟಿ ದೊಡ್ಡ ಶ್ರೀಮಂತನಾದವನು ಆ ಊರಿನ ಹತ್ತಿರ ಕ್ಯಾಸಲ್ ಡ್ರೋಗೋ ಅನ್ನುವ ಕೋಟೆ ಕಟ್ಟಿಸಿದ. 1911ರಲ್ಲಿ ಶುರುವಾಗಿ 1930ಕ್ಕೆ ಮುಗಿಯಿತು. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್, ದೆಹಲಿಯ ರಾಷ್ಟ್ರಪತಿ ಭವನದವರೇ. ಎರಡೂ ಕಟ್ಟಡ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಮೇಲೇಳುತ್ತಿದ್ದವು. ಪಬ್‌ಗೆ ಮೊದಲು ಡ್ರೂಯಿಡ್ ಆರ್ಮ್ಸ್ ಅಂತ ಹೆಸರಿತ್ತು. ಆಮೇಲೆ ಡ್ರೂ ಮನೆತನದ ಹೆಸರು ಬಂತು.

ಇನ್ನೊಂದು ಮಾತು. ಇಂಥ ಅಜ್ಜಿಯರನ್ನು ಹೊಗಳುವಾಗ ಅವರ ದುಡಿಮೆ ಎಷ್ಟಿತ್ತು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ರಜೆ ಇಲ್ಲ, ಪೆನ್ಶನ್ ವಯಸ್ಸು ದಾಟಿ 30 ವರ್ಷ ದುಡಿತ. ಮನೆಯ ಮುಂದಿನ ಕೋಣೆ ಯಾವತ್ತೂ ನಮ್ಮದು ಅಂತ ಅನ್ನಿಸುವುದಿಲ್ಲ. ಜ್ವರ ಬಂದರೂ ಬಾಗಿಲು ತೆಗೆಯಬೇಕು. ನಮ್ಮ ಕಡೆ ರಸ್ತೆ ಪಕ್ಕದ ಹೋಟೆಲ್ ನಡೆಸುವ ಮನೆಗಳಲ್ಲಿ ಹೆಂಗಸರ ಪಾಡು ನೋಡಿದವರಿಗೆ ಇದು ಗೊತ್ತಿರುತ್ತದೆ.

ಹೊಳೆದಂಡೆ:

ಕಾಫಿತೋಟ ಅಕ್ಕ, ದುಡಿಮೆಯ ಮಾತು ನೂರಕ್ಕೆ ನೂರು ಸರಿ. ಅದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು.

ಆದರೆ ಡ್ರೂ ಆರ್ಮ್ಸ್ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ. ಮೇಬಲ್ ಇರುವವರೆಗೆ ಸರಿ ಇತ್ತು. 1994ರಲ್ಲಿ ಅವರು ಬಿಟ್ಟ ಕೂಡಲೇ ಏನಾಯಿತು? ಮುಂದೇನು ಅಂತ ತೀರ್ಮಾನ ಮಾಡುವ ಹಕ್ಕು ಕಂಪನಿಯದ್ದು. ಊರಿನವರು ಸೇರಿ ಹಳೆಯ ಕೋಣೆಗಳನ್ನು ಹಾಳು ಮಾಡಬೇಡಿ ಅಂತ ಹೋರಾಟ ಮಾಡಬೇಕಾಯಿತು. ಬಾಡಿಗೆದಾರರ ಕುಟುಂಬ ಎಷ್ಟೇ ವರ್ಷ ಇದ್ದರೂ ಆ ಮನೆಯನ್ನು ಮಕ್ಕಳಿಗೆ ಬಿಟ್ಟು ಹೋಗಲು ಆಗುವುದಿಲ್ಲ. ಒಂದು ಆಯಸ್ಸಿನ ಮಟ್ಟಿಗೆ ಬಾಡಿಗೆ ಮನೆಯಲ್ಲೂ ಪಬ್ ಉಳಿಯಬಹುದು. ತಲೆಮಾರು ದಾಟಬೇಕು ಅಂದರೆ ಸ್ವಂತದ್ದಾಗಿರಲೇಬೇಕು.

ಮಳೆಹುಳ:

ನಾನು ವೇಲ್ಸ್‌ನಲ್ಲಿ ಇರುವುದು. ತಲೆಮಾರು ದಾಟಿದ ಪಬ್ ಅಂದರೆ ಇಲ್ಲಿ ಮೊದಲು ಬರುವ ಹೆಸರು ಬೆಸ್ಸಿಯದ್ದು. ಬೋರ್ಡಿನ ಮೇಲೆ ಡಫ್ರಿನ್ ಆರ್ಮ್ಸ್ ಅಂತಿದೆ. ಹಾಗಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ಬೆಸ್ಸೀಸ್ ಅನ್ನಬೇಕು.

ಪೆಂಬ್ರೋಕ್‌ಶೈರ್‌ನ ಪ್ರೆಸೆಲಿ ಬೆಟ್ಟಗಳ ಕೆಳಗೆ ಗ್ವಾಯ್ನ್ ಕಣಿವೆ ಅಂತ ಇದೆ. ಕಿರಿದಾದ ಕಣಿವೆ, ಎರಡೂ ಕಡೆ ಓಕ್ ಕಾಡು, ಒಂದೇ ವಾಹನ ಹೋಗುವ ರಸ್ತೆ. ಅದರೊಳಗೆ ಪಾಂಟ್‌ವೈನ್ ಅನ್ನುವ ಪುಟ್ಟ ಊರು. ಅಲ್ಲಿನ ಪಬ್ 1840ರ ದಶಕದಿಂದ ಒಂದೇ ಕುಟುಂಬದ್ದು. ಬೆಸ್ಸಿ ಡೇವಿಸ್ 1972ರಲ್ಲಿ ವಹಿಸಿಕೊಂಡು 50 ವರ್ಷ ನಡೆಸಿದರು. 2023ರ ಡಿಸೆಂಬರ್‌ನಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೂ ಮನೆಯವರೇ ಮುಂದುವರಿಸಿದ್ದಾರೆ.

ಅಲ್ಲಿನ ವ್ಯವಸ್ಥೆ ಹೇಳುತ್ತೇನೆ. ಒಂದು ಸಣ್ಣ ಕೋಣೆ. ಗೋಡೆಯಲ್ಲಿ ಒಂದು ಕಂಡಿ, ಅದಕ್ಕೊಂದು ಜಾರುವ ಬಾಗಿಲು. ಕಂಡಿಯಾಚೆ ಪೀಪಾಯಿ. ಬಾಸ್ ಬಿಯರ್ ಅನ್ನು ಪೀಪಾಯಿಯಿಂದ ಜಗ್‌ಗೆ ಹಿಡಿದು, ಜಗ್‌ನಿಂದ ಲೋಟಕ್ಕೆ ಸುರಿದು ಕೊಡುತ್ತಾರೆ. ಪಂಪು ಗಿಂಪು ಏನೂ ಇಲ್ಲ. ಗೋಡೆಯಲ್ಲಿ ಎರಡನೇ ಎಲಿಜಬೆತ್ ರಾಣಿಯ ಚಿಕ್ಕ ವಯಸ್ಸಿನ ಫೋಟೋ. ಊಟ ಇಲ್ಲ. ಸುತ್ತಲಿನ ರೈತರು ಬಂದು ವೆಲ್ಶ್‌ನಲ್ಲಿ ಕುರಿ, ಹುಲ್ಲು, ಮಳೆ ಬಗ್ಗೆ ಮಾತಾಡುತ್ತಾರೆ.

ಆ ಕಣಿವೆಯ ಜನಕ್ಕೆ ಹಳೆಯದನ್ನು ಬಿಡದ ಒಂದು ಗಟ್ಟಿತನ ಇದೆ. 1752ರಲ್ಲಿ ಬ್ರಿಟನ್ ಹಳೇ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್ ಹಿಡಿಯಿತು. ಗ್ವಾಯ್ನ್ ಕಣಿವೆಯವರು ಇವತ್ತಿಗೂ ಹೊಸ ವರ್ಷ ಮಾಡುವುದು ಜನವರಿ 13ಕ್ಕೆ. ಹೆನ್ ಗಲಾನ್ ಅಂತ ಅದರ ಹೆಸರು. ಮಕ್ಕಳು ಮನೆ ಮನೆಗೆ ಹೋಗಿ ವೆಲ್ಶ್ ಹಾಡು ಹೇಳುತ್ತಾರೆ, ಮನೆಯವರು ದುಡ್ಡು, ಸಿಹಿ ಕೊಡುತ್ತಾರೆ. ದೊಡ್ಡವರು ಕೊನೆಗೆ ಸೇರುವುದು ಬೆಸ್ಸಿ ಪಬ್‌ನಲ್ಲಿ. ಇಂಥ ಜನರ ಮಧ್ಯೆ ಇದ್ದ ಪಬ್ ತಾನೊಂದೇ ಯಾಕೆ ಬದಲಾಗಬೇಕು ಹೇಳಿ?

ವೇಲ್ಸ್‌ನಲ್ಲಿ ಪಬ್ ನಡೆಸುವುದು ಮರ್ಯಾದೆಯ ಕೆಲಸ ಅಂತ ಎಲ್ಲರೂ ಒಪ್ಪುತ್ತಿರಲಿಲ್ಲ ಅನ್ನುವುದೂ ನೆನಪಿರಲಿ. ಚಾಪೆಲ್ ಜನ, ಅಂದರೆ ಅಧಿಕೃತ ಆಂಗ್ಲಿಕನ್ ಚರ್ಚಿಗೆ ಸೇರದ ಪ್ರಾಟೆಸ್ಟೆಂಟರು, ಮದ್ಯದ ವಿರೋಧಿಗಳು. 1881ರ ಕಾಯ್ದೆ ಭಾನುವಾರ ವೇಲ್ಸ್‌ನ ಪಬ್ ಎಲ್ಲಾ ಮುಚ್ಚಿಸಿತು. 1961ರಿಂದ ಒಂದೊಂದು ಜಿಲ್ಲೆಯವರು ಮತ ಹಾಕಿ ತೀರ್ಮಾನಿಸಬೇಕು ಅಂತಾಯಿತು. ಕೊನೆಯ ಪ್ರದೇಶ ಡ್ವಿವೋರ್ ಭಾನುವಾರದ ನಿಷೇಧ ಬಿಟ್ಟಿದ್ದು 1996ರಲ್ಲಿ. ಇಷ್ಟರ ನಡುವೆ ಒಂದು ಕುಟುಂಬ 180 ವರ್ಷದ ಹತ್ತಿರ ಒಂದೇ ಕಸುಬು ಹಿಡಿದು ನಿಂತಿದೆ ಅಂದರೆ ನನಗೆ ಅವರ ಬಗ್ಗೆ ತುಂಬಾ ಗೌರವ.

ರೀಡಿಂಗ್_ಕನ್ನಡತಿ:

ರೀಡಿಂಗ್ ಸುತ್ತ ಇರುವ ಕನ್ನಡದವರಿಗೆ ಹತ್ತಿರದ್ದು ಒಂದು ಹೇಳುತ್ತೇನೆ. ಬರ್ಕ್‌ಶೈರ್‌ನ ಆಲ್ಡ್‌ವರ್ತ್ ಹಳ್ಳಿಯ ಬೆಲ್ ಇನ್. ಗೋರಿಂಗ್ ರೈಲು ನಿಲ್ದಾಣದಿಂದ ನಡೆದು ಹೋಗಬಹುದು, ರಿಜ್‌ವೇ ದಾರಿ ಹಿಡಿದು ನಡೆಯುವವರಿಗೂ ದೂರ ಅಲ್ಲ. ಒಂದೇ ಕುಟುಂಬ 250 ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಸಿಕೊಂಡು ಬಂದಿದೆ. ಕೌಂಟರ್ ಬದಲು ಗಾಜಿನ ಚೌಕಟ್ಟಿನ ಕಂಡಿ, ಗಂಟೆಯ ಮುಳ್ಳು ಮಾತ್ರ ಇರುವ ಒಂಟಿ ಮುಳ್ಳಿನ ಗಡಿಯಾರ. ತಿನ್ನಲು ಬಿಸಿ ರೋಲ್ ಮತ್ತು ಸೂಪ್, ಅಷ್ಟೇ.

ಬಿಯರ್ ಪ್ರಿಯರ ಸಂಘಟನೆ ಕ್ಯಾಮ್ರಾ ಇದನ್ನು 1990ರಲ್ಲಿ ದೇಶದ ಅತ್ಯುತ್ತಮ ಪಬ್ ಅಂತ ಆರಿಸಿತು. ಮತ್ತೆ 2019ರ ಪ್ರಶಸ್ತಿಯೂ ಇದಕ್ಕೇ ಬಂತು. ಸುಮಾರು 30 ವರ್ಷ ಆದ ಮೇಲೆ ಅದೇ ಮನೆತನ, ಅದೇ ಕೋಣೆ, ಅದೇ ಪ್ರಶಸ್ತಿ. ಈ ಕ್ಯಾಮ್ರಾ ಹುಟ್ಟಿದ್ದೂ ಒಂದು ಹಳ್ಳಿ ಪಬ್‌ನಲ್ಲೇ. 1971ರಲ್ಲಿ ಐರ್ಲೆಂಡಿನ ಕೆರ್ರಿಯ ಡನ್‌ಕ್ವಿನ್‌ಗೆ ರಜೆಗೆ ಹೋಗಿದ್ದ ನಾಲ್ವರು ಇಂಗ್ಲಿಷರು ಕ್ರೂಗರ್ಸ್ ಬಾರ್‌ನಲ್ಲಿ ಕೂತು ಶುರು ಮಾಡಿದ್ದು.

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಆದರೂ ಅತ್ತೆ ಮಾವ ಊರಿಂದ ಬಂದಾಗ ಆಲ್ಡ್‌ವರ್ತ್‌ಗೆ ಕರೆದುಕೊಂಡು ಹೋಗುತ್ತೇವೆ. ನಿಂಬೆ ಶರಬತ್ತು ತೆಗೆದುಕೊಂಡು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಪಕ್ಕದ ಸೇಂಟ್ ಮೇರಿ ಚರ್ಚ್ ತಪ್ಪದೆ ನೋಡಿ. 14ನೇ ಶತಮಾನದ ಡಿ ಲಾ ಬೀಶ್ ಮನೆತನದ ಒಂಬತ್ತು ದೊಡ್ಡ ಕಲ್ಲಿನ ಪ್ರತಿಮೆಗಳು ಅಲ್ಲಿವೆ, ಆಲ್ಡ್‌ವರ್ತ್ ದೈತ್ಯರು ಅಂತಾರೆ. ಒಂದು ಮನೆತನ ಕಲ್ಲಾಗಿ ಚರ್ಚ್‌ನಲ್ಲಿ ಮಲಗಿದೆ, ಇನ್ನೊಂದು ಮನೆತನ ಎದ್ದು ಬಿಯರ್ ಕೊಡುತ್ತಿದೆ ಅಂತ ಮಾವ ಹೇಳಿದ್ದರು.

ಊರುಸುತ್ತಿ:

ಮಾವನವರು ಚೆನ್ನಾಗಿ ಹೇಳಿದ್ದಾರೆ.

ಹೊಳೆದಂಡೆ ಸರ್, ಸನ್ ಇನ್ ಕತೆ ಅರ್ಧಕ್ಕೇ ಬಿಟ್ಟಿದ್ದೀರಿ. 2009ರ ನಂತರ ಏನಾಯಿತು? ಮುಚ್ಚಿತಾ?

ಹೊಳೆದಂಡೆ:

ಮುಚ್ಚುವ ಭಯ ಇತ್ತು. ಆ ಮನೆ ಮಾರಾಟಕ್ಕೆ ಬಂದರೆ ಯಾರೋ ಕೊಂಡು ಸುಮ್ನೆ ವಾಸದ ಮನೆ ಮಾಡಿಕೊಳ್ಳುವುದು ಸುಲಭ. ಹಳ್ಳಿಯಲ್ಲಿ ಚಂದದ ಕಲ್ಲಿನ ಮನೆಗೆ ಬೆಲೆ ಜಾಸ್ತಿ, ಪಬ್ ಆಗಿ ದುಡಿಯುವುದಕ್ಕಿಂತ ಮನೆಯಾಗಿ ಮಾರಿದರೆ ದುಡ್ಡು ಬರುತ್ತದೆ. ಬ್ರಿಟನ್ನಿನ ಹಳ್ಳಿ ಪಬ್‌ಗಳನ್ನು ನುಂಗಿದ ದೊಡ್ಡ ಕಾರಣ ಇದೇ. ಕುಡಿಯುವವರು ಕಮ್ಮಿಯಾದದ್ದು, ಸೂಪರ್‌ಮಾರ್ಕೆಟ್ ಬಿಯರ್ ಅಗ್ಗವಾದದ್ದು ಎಲ್ಲಾ ನಿಜ. ಆದರೆ ಜಾಗದ ಬೆಲೆಯ ಮಾತು ಯಾರೂ ಎತ್ತುವುದಿಲ್ಲ.

ಲೆಂಟ್‌ವರ್ಡೈನ್ ಜನ ಮತ್ತು ಕ್ಯಾಮ್ರಾದವರು ಪಬ್ ಉಳಿಸಬೇಕು ಅಂತ ಓಡಾಡಿದರು. ಒಳಗಿನ ಕೋಣೆಗಳು ಹಾಗೇ ಉಳಿದಿದ್ದರಿಂದ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿತ್ತು, ಅದೂ ಸಹಾಯಕ್ಕೆ ಬಂತು. ಕೊನೆಗೆ ಹಾಬ್ಸನ್ಸ್ ಬ್ರೂವರಿಯ ಮಾಲೀಕರೊಬ್ಬರು ಮತ್ತು ಪಕ್ಕದ ಮೀನು-ಚಿಪ್ಸ್ ಅಂಗಡಿಯವರು ಸೇರಿ ಕೊಂಡರು. ಹಿಂದೆ ಹೊಸ ಕಟ್ಟಡ ಸೇರಿಸಿ ಅಲ್ಲಿ ಕೌಂಟರ್ ಮಾಡಿದರು. ಮುಂದಿನ ಕೋಣೆ, ಅಜ್ಜಿಯ ನಡುಮನೆ ಮುಟ್ಟಲಿಲ್ಲ. ಪಕ್ಕದ ಅಂಗಡಿಯಿಂದ ಮೀನು ತಂದು ಪಬ್‌ನಲ್ಲಿ ಕೂತು ತಿನ್ನಬಹುದು.

ಇದು ಒಳ್ಳೆಯ ಪರಿಹಾರ ಅಂತ ನನಗೆ ಅನ್ನಿಸುತ್ತದೆ. ಹೊಸ ಕಟ್ಟಡದ ವ್ಯಾಪಾರ ಹಳೆಯ ಕೋಣೆಯನ್ನು ಸಾಕುತ್ತಿದೆ. ಮೊದಲು ಅಜ್ಜಿಯ ಕಡಿಮೆ ಖರ್ಚಿನ ಬದುಕು ಅದನ್ನು ಸಾಕುತ್ತಿತ್ತು. ಸಂಬಳ ಕೊಟ್ಟು, ಸಾಲ ತೀರಿಸಿಕೊಂಡು ಆ ಒಂದು ಕೋಣೆಯಿಂದ ಯಾರಿಗೂ ಬದುಕಲು ಆಗುವುದಿಲ್ಲ.

ಹಳೇಬೇರು:

ಈ ಜಾಗದ ಬೆಲೆಯ ವಿಷಯಕ್ಕೆ ಎರಡು ಕಾನೂನು ಸೇರಿಸುತ್ತೇನೆ. 2011ರ ಲೋಕಲಿಸಂ ಕಾಯ್ದೆ ಪ್ರಕಾರ ಇಂಗ್ಲೆಂಡಿನಲ್ಲಿ ಊರಿನವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿ ಅಂತ ಕೌನ್ಸಿಲ್‌ನಲ್ಲಿ ಪಟ್ಟಿ ಮಾಡಿಸಬಹುದು. ಆಮೇಲೆ ಮಾಲೀಕರು ಮಾರಲು ಹೊರಟರೆ, ಊರಿನವರು ತಾವೇ ಕೊಳ್ಳುತ್ತೇವೆ ಅಂತ ಹೇಳಿದರೆ ಅವರು ದುಡ್ಡು ಹೊಂದಿಸಲು ಮಾಲೀಕರು ಆರು ತಿಂಗಳು ಕಾಯಬೇಕು. 2017ರ ಮೇ ತಿಂಗಳಿಂದ ಪಬ್ಬನ್ನು ಅಂಗಡಿ ಮಾಡುವುದಕ್ಕೂ ಕೆಡವುವುದಕ್ಕೂ ಪ್ಲಾನಿಂಗ್ ಅನುಮತಿ ಬೇಕೇ ಬೇಕು.

ಊರಿನವರೇ ಕೊಳ್ಳುವುದು ಇದಕ್ಕೂ ಮುಂಚೆ ಶುರುವಾಗಿತ್ತು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್‌ನ ಓಲ್ಡ್ ಕ್ರೌನ್ ಪಬ್ಬನ್ನು 2003ರಲ್ಲಿ ಸಹಕಾರಿ ಸಂಘ ಮಾಡಿಕೊಂಡು ಜನರೇ ಕೊಂಡರು.

ಕಾಫಿತೋಟ:

ಸಹಕಾರಿ ಸಂಘದ್ದು ನನಗೆ ಹಿಡಿಸಿತು. ಒಬ್ಬ ಹೆಂಗಸಿನ ತಲೆ ಮೇಲೆ 75 ವರ್ಷ ಹೊರಿಸುವ ಬದಲು ಊರೇ ಹೊರುವುದು ಉತ್ತಮ.

ಒಂದು ಯೋಚನೆ. ನಮ್ಮ ಕಡೆ ಇಂಥ ಮನೆತನದ ಹೆಂಡದಂಗಡಿ ಯಾಕೆ ಬೆಳೆಯಲಿಲ್ಲ ಅಂದರೆ, ಸಾರಾಯಿ ಮತ್ತು ಹೆಂಡದ ಗುತ್ತಿಗೆಯನ್ನು ಅಬಕಾರಿ ಇಲಾಖೆ ಹರಾಜು ಹಾಕುತ್ತಿತ್ತು. ಈ ಸಲ ಒಬ್ಬ ಕಂಟ್ರಾಕ್ಟರು, ಮುಂದಿನ ಸಲ ಇನ್ನೊಬ್ಬ. ಅಂಗಡಿಯಲ್ಲಿ ಕೂತವನು ಕೂಲಿಯವನು. ಅಲ್ಲಿ ಬೇರು ಬಿಡುವುದು ಹೇಗೆ? 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿ ನಿಷೇಧ ಮಾಡಿತು. ಅದೇ ತಿಂಗಳು 1ರಂದು ಇಂಗ್ಲೆಂಡಿನ ಪಬ್‌ಗಳ ಒಳಗೆ ಸಿಗರೇಟು ನಿಷೇಧವಾಯಿತು. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮೂರಲ್ಲಿ ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಸಾರಾಯಿ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಸಂಜೆ ಹೊತ್ತು ಊರಿನವರು ಕೂರುವ ಒಂದು ಜಾಗ ಬೇಕು ಅನ್ನುವುದು ಎಲ್ಲಾ ಕಡೆ ಒಂದೇ.

ಮಳೆಹುಳ:

ಹೌದು ಅಕ್ಕ. ಫ್ಲಾಸಿಯಾಗಲಿ ಬೆಸ್ಸಿಯಾಗಲಿ, ಅವರ ಕೋಣೆಯಲ್ಲಿ ಮಿತಿ ಮೀರಿ ಕುಡಿದು ಗಲಾಟೆ ಮಾಡುವುದು ಅಂದರೆ ಒಬ್ಬರ ಮನೆಯೊಳಗೇ ಗಲಾಟೆ ಮಾಡಿದ ಹಾಗೆ. ಅದೂ ವಯಸ್ಸಾದ ಹಿರಿಯರ ಎದುರು. ಕಾನೂನಿಗಿಂತ ಅದಕ್ಕೇ ಜನ ಅಂಜುತ್ತಾರೆ.

ಇನ್ನೊಂದು ಹೆಸರು ಬಿಟ್ಟುಹೋಯಿತು. ಡೆವನ್‌ನ ಟಾಪ್‌ಶಮ್‌ನಲ್ಲಿ ಬ್ರಿಜ್ ಇನ್ ಇದೆ. 1897ರಿಂದ ಒಂದೇ ಕುಟುಂಬ. 1998ರ ಮಾರ್ಚ್‌ನಲ್ಲಿ ಎರಡನೇ ಎಲಿಜಬೆತ್ ರಾಣಿ ಅಲ್ಲಿಗೆ ಬಂದರು, ಅವರು ಅಧಿಕೃತವಾಗಿ ಭೇಟಿ ಕೊಟ್ಟ ಮೊದಲ ಪಬ್ ಅದು. ಹಳ್ಳಿ ಅನ್ನುವುದಕ್ಕಿಂತ ಸಣ್ಣ ಪಟ್ಟಣ, ಆದರೂ ಈ ಚರ್ಚೆಗೆ ಸೇರಬೇಕಾದದ್ದೇ.

ಊರುಸುತ್ತಿ:

ಎಲ್ಲರಿಗೂ ಥ್ಯಾಂಕ್ಸ್. ನಾನು ಈಗ ಇರುವ ಊರಿನಲ್ಲೂ ಒಂದು ಹಳೇ ಪಬ್ ಇದೆ. ಒಂದೇ ಮನೆತನ ತುಂಬಾ ಕಾಲ ನಡೆಸಿತ್ತು ಅಂತ ಹಿರಿಯರು ಹೇಳುತ್ತಾರೆ. ಕನ್ನಡದಲ್ಲಿ ಬರೆದು ಇಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಹಳೇಬೇರು:

ಮೊದಲು ಬದುಕಿರುವ ಹಿರಿಯರನ್ನು ಮಾತಾಡಿಸಿ. ಕಾಗದ ಎಲ್ಲೂ ಓಡಿ ಹೋಗುವುದಿಲ್ಲ, ಜನ ಇರುವುದಿಲ್ಲ. ಯಾರು ಬಿಯರ್ ಕೊಡುತ್ತಿದ್ದರು, ಯಾವ ಬೆಂಚು ಯಾರದ್ದು, ಹಗಲು ಆ ಮನೆಯವರು ಬೇರೆ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿ. ಒಪ್ಪಿಗೆ ತೆಗೆದುಕೊಂಡು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಆಮೇಲೆ ಕೌಂಟಿಯ ದಾಖಲೆ ಕಚೇರಿಗೆ ಹೋಗಿ. ಲೈಸೆನ್ಸ್ ರಿಜಿಸ್ಟರ್ ಕೇಳಿ. ಯಾವ ವರ್ಷ ಲೈಸೆನ್ಸ್ ಯಾರ ಹೆಸರಿಂದ ಯಾರ ಹೆಸರಿಗೆ ಹೋಯಿತು, ಕಟ್ಟಡದ ಮಾಲೀಕರು ಯಾರು ಅಂತ ಅದರಲ್ಲಿ ಸಿಗಬಹುದು. ಗಂಡನಿಂದ ವಿಧವೆಗೆ, ಅಮ್ಮನಿಂದ ಮಗಳಿಗೆ ಬಂದದ್ದು ಅಲ್ಲಿ ಗೊತ್ತಾಗುತ್ತದೆ. ಕೆಲ್ಲೀಸ್ ಡೈರೆಕ್ಟರಿ ಅಂತ ಹಳೇ ವ್ಯಾಪಾರಿಗಳ ಪಟ್ಟಿ ಇದೆ. ಅದರಲ್ಲಿ ಊರೂರಿನ ಪಬ್ ನಡೆಸುವವರ ಹೆಸರು ಇರುತ್ತದೆ, ಸಣ್ಣ ಬಿಯರ್‌ಹೌಸ್ ಆಗಿದ್ದರೆ ಬರೀ ‘ಬಿಯರ್ ರಿಟೇಲರ್’ ಅಂತ ಇರುತ್ತದೆ, ಪಬ್ ಹೆಸರು ಇರದೇ ಹೋಗಬಹುದು.

ಜನಗಣತಿ 1841ರಿಂದ ಹೆಸರು ಸಮೇತ ಸಿಗುತ್ತದೆ, ಹತ್ತು ವರ್ಷಕ್ಕೊಂದು. 1921ರದ್ದು 2022ರಲ್ಲಿ ತೆರೆದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಗಣತಿ 1942ರಲ್ಲಿ ಬೆಂಕಿಗೆ ಹೋಯಿತು, ಯುದ್ಧದ ಕಾರಣ 1941ರಲ್ಲಿ ಗಣತಿಯೇ ಆಗಲಿಲ್ಲ. ಆ ಖಾಲಿ ಜಾಗಕ್ಕೆ 1939ರ ರಿಜಿಸ್ಟರ್, ಅಂದರೆ ಯುದ್ಧ ಶುರುವಾದಾಗ ಮಾಡಿದ ಜನರ ಪಟ್ಟಿ ನೋಡಿ. ಅದರಲ್ಲಿ ಹೆಂಗಸರ ಕೆಲಸದ ಎದುರು ‘ಮನೆಗೆಲಸ’ ಅಂತ ಬರೆದದ್ದನ್ನು ಹಾಗೇ ನಂಬಬೇಡಿ. ಲೈಸೆನ್ಸ್ ಗಂಡನ ಹೆಸರಲ್ಲಿ ಇದ್ದು, ಪಬ್ ಪೂರ್ತಿ ನಡೆಸಿದ್ದು ಹೆಂಡತಿಯೇ ಆಗಿರಬಹುದು.

ಊರುಸುತ್ತಿ:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ ಸರ್. ಆ ಕುಟುಂಬದ ಒಬ್ಬ ಸೊಸೆ ಇನ್ನೂ ಇಲ್ಲೇ ಇದ್ದಾರೆ, ವಯಸ್ಸಾಗಿದೆ. ಈ ಶನಿವಾರ ಅವರ ಮನೆಗೆ ಹೋಗಿ ಕೇಳುತ್ತೇನೆ. ಅವರು ಒಪ್ಪಿದರೆ ಇದೇ ಚರ್ಚೆಯಲ್ಲಿ ಬರೆಯುತ್ತೇನೆ, ಹೆಸರು ಹಾಕದೆ.

ಕಾಫಿತೋಟ:

ಹೋದಾಗ ರಜೆ ದಿನ ಯಾವುದಾದರೂ ಇತ್ತಾ ಅಂತ ಅವರನ್ನು ಕೇಳಿ. ಕ್ರಿಸ್ಮಸ್ ದಿನವೂ ಬಾಗಿಲು ತೆಗೆಯಬೇಕಿತ್ತಾ, ಮಕ್ಕಳು ಎಲ್ಲಿ ಕೂತು ಓದುತ್ತಿದ್ದರು, ಅದನ್ನೂ ಕೇಳಿ.